ಡಬ್ಬದ ಹಲಸು

ನನ್ನಣ್ಣ ಕರಿಬಸವಯ್ಯನ ಲೆಕ್ಕದಲ್ಲಿ ಭೂಮಿಯ ಮೇಲೆ ಮರ ಅಂತ ಇರುವುದು ಒಂದೇ, ತೆಂಗು. ಮಿಕ್ಕಿದ್ದೆಲ್ಲ ಕಳೆ. ಹುಣಸೆ, ಹೊಂಗೆ, ಬೇವು ಇವೆಲ್ಲ ಸ್ವಲ್ಪ ಎತ್ತರಕ್ಕೆ ಬೆಳೆದ ಕಳೆ, ಅಷ್ಟೇ ವ್ಯತ್ಯಾಸ. ಇದನ್ನು ಬೈಯಲಿಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಸ್ವಲ್ಪ ಬೈಯಲಿಕ್ಕೂ ಹೌದು. ತುರುವೇಕೆರೆ ಕಡೆಯ ನಮ್ಮೂರಿನ ಗಂಡಸರೆಲ್ಲ ಹೀಗೆಯೇ, ಅವರಲ್ಲಿ ನನ್ನಣ್ಣ ಒಂದು ಕೈ ಮೇಲೆ.

ಹಾಗಾಗಿ ಅವನು ಅವ್ವನ ಹಲಸಿನ ಮರ ಕಡಿಸುತ್ತೇನೆ ಅಂದಾಗ ಊರಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನನಗೆ ಅದನ್ನು ತಿಪಟೂರಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗಲೇ ಹೇಳಿದ. ನಮ್ಮ ಯಜಮಾನರು ಶಂಭುಲಿಂಗಯ್ಯನವರದು ಕೊಬ್ಬರಿ ಮಂಡಿ. ಅಣ್ಣ ಕೊಬ್ಬರಿ ತಂದ ದಿನ ಊಟ ನಮ್ಮಲ್ಲಿಯೇ.

"ಹಲಸಿನ ಮರ ಕಡಿಸ್ತೀನಿ ಕಣವ್ವ. ಅದರ ನೆಳ್ಳಿಗೆ ಎರಡು ಸಾಲು ತೆಂಗು ಬಡಕಲಾಗಿ ನಿಂತವೆ," ಅಂದ. ಮುದ್ದೆ ಮುರಿಯುತ್ತಾ, ಮಳೆ ಬರಬಹುದು ಅಂದಷ್ಟು ಸಲೀಸಾಗಿ ಅಂದ.

ಸಾರಿನ ಸೌಟು ನನ್ನ ಕೈಯಲ್ಲೇ ಉಳಿಯಿತು.

ಆ ಮರದ ವಿಷಯ ಹೇಳಬೇಕು. ಅದರ ಹಣ್ಣಿನ ತೊಳೆ ಕೆಂಪು. ಹಳದಿಯಲ್ಲ, ಕೇಸರಿಯೂ ಅಲ್ಲ, ಕುಂಕುಮ ಕದಡಿದ ನೀರಿನ ಕೆಂಪು. ಬಾಯಿಗಿಟ್ಟರೆ ಜೇನು. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಎಲ್ಲಿಂದಲೋ ತಂದು ತೋಟದ ಮೂಲೆಯಲ್ಲಿಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದ ಮರ. ನಾನು ಮದುವೆಯಾಗಿ ತಿಪಟೂರಿಗೆ ಬಂದ ಮೇಲೆ ವರ್ಷಾವರ್ಷ ಮೊದಲ ಹಣ್ಣನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನ ಟಾಪಿನ ಮೇಲೆ ಹಾಕಿಸಿ ನನಗೆ ಕಳಿಸುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ಅಣ್ಣ ಕಳಿಸಿದ. ಒಂದು ವರ್ಷವೂ ತಪ್ಪಿಸಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಅವ್ವ ಹೋದ ಮೇಲೆ ನನಗೆ ತವರು ಅಂತ ಉಳಿದದ್ದು ಆ ಹಣ್ಣು. ಅದನ್ನೇ ಕಡಿಯುತ್ತೇನೆ ಅಂತಾನೆ ಪುಣ್ಯಾತ್ಮ.

"ಬೀಜ ಐತಲ್ಲ, ಬುಟ್ಟಿಗಟ್ಟಲೆ. ಹಾಕ್ಕೋ," ಅಂದ ಅಣ್ಣ.

"ಬೀಜ ಹಾಕಿದ್ರೆ ಅದೇ ಹಣ್ಣು ಬತ್ತದಾ? ಅರ್ಧ ಊರು ಅದರ ಬೀಜ ಹಾಕಿ ನೋಡೈತೆ. ಒಂದು ಮರದಲ್ಲಾದ್ರೂ ಕೆಂಪು ತೊಳೆ ಬಂತಾ? ಬರೀ ಮೇಣ ಬಂತು," ಅಂದೆ.

"ಅದಕ್ಕೆ ನಾನೇನ್ ಮಾಡ್ಲಿ?"

ಇದಕ್ಕೆ ಉತ್ತರ ಪಕ್ಕದ ಮನೆಯಿಂದ ಬಂತು. ನಮಗೂ ಗಿರಿಜಾಂಬಿಕಾ ಅವರಿಗೂ ನಡುವೆ ಇರುವುದು ಒಂದೇ ಗೋಡೆ. ಅವರ ಕಿವಿಗೆ ಆ ಗೋಡೆಯೂ ಅಡ್ಡವಲ್ಲ. ಚಿಕ್ಕನಾಯಕನಹಳ್ಳಿಯ ಹೆಣ್ಣುಮಗಳು. ಅವರಪ್ಪ ಹಿತ್ತಲಲ್ಲಿ ಕುಂಡಗಳಿಟ್ಟು ಮಾವಿನ ಕಸಿ ಕಟ್ಟಿ ಮಾರುತ್ತಿದ್ದರಂತೆ. ಆಕೆಗೆ ಬೇರೆಯವರ ಕೆಲಸಕ್ಕೆ ಕೈ ಹಾಕುವುದೆಂದರೆ ಹಬ್ಬ. ಹಿತ್ತಲ ಬಾಗಿಲಿಂದ ಒಳಗೆ ಬಂದವರೇ, "ಅಳೋದ್ಯಾಕ್ರೀ ಮೀನಾಕ್ಷಮ್ಮ, ಮರ ಕಡಿಯೋಕೆ ಮುಂಚೆ ಕಸಿ ಕಟ್ಟಿಬಿಡಾನ," ಅಂದರು.

"ನಾನೆಲ್ಲಿ ಅತ್ತೆ?" ಅಂದೆ. ಅತ್ತಿದ್ದೆ.

ಕೊಂಬೆ ಕಡಿದು ತಂದು ಕಸಿ ಕಟ್ಟಿದರೆ ಹಲಸು ಹಿಡಿಯುವುದಿಲ್ಲವಂತೆ, ಹಠಮಾರಿ ಜಾತಿ. ಅದಕ್ಕೆ ಸಸಿಯನ್ನೇ ಡಬ್ಬದಲ್ಲಿ ನೆಟ್ಟು ಮರದ ಮೇಲಕ್ಕೆ ಒಯ್ಯಬೇಕು. ಮರದ ಒಂದು ಎಳೆಯ ಕೊಂಬೆಯನ್ನೂ ಸಸಿಯ ಕಾಂಡವನ್ನೂ ಒಂದೊಂದು ಕಡೆ ಹೆರೆದು, ಗಾಯಕ್ಕೆ ಗಾಯ ಸೇರಿಸಿ ಕಟ್ಟಬೇಕು. ಮಳೆಗಾಲವೆಲ್ಲ ಹಾಗೆಯೇ ಇದ್ದರೆ ಎರಡೂ ಬೆಸೆದುಕೊಳ್ಳುತ್ತವೆ. ಆಮೇಲೆ ಸಸಿಯ ತಲೆ ಕತ್ತರಿಸಿ, ಕೊಂಬೆಯ ಬುಡ ಕತ್ತರಿಸಿದರೆ ಡಬ್ಬದಲ್ಲಿ ಉಳಿಯುವುದು ಅವ್ವನ ಮರವೇ.

ಅಣ್ಣ ಬಾಯಿ ತೆರೆದು ಕೇಳಿದ. ತೆಂಗಿಗೆ ಇಂಥ ಕಷ್ಟವಿಲ್ಲ, ಕಾಯಿ ಹೂತರೆ ಮುಗಿಯಿತು. "ದೀಪಾವಳಿ ತನಕ ತಡೀತೀನಿ. ಆಮೇಲೆ ಒಂದು ದಿನ ಕೇಳಬ್ಯಾಡ," ಅಂದ.

ಮರದ ಬುಡದಲ್ಲಿಯೇ ಹಿಂದಿನ ವರ್ಷದ ಬೀಜ ಬಿದ್ದು ಹುಟ್ಟಿದ ಸಸಿಗಳಿದ್ದವು. ನಾನೂ ಗಿರಿಜಾಂಬಿಕಾ ಅವರೂ ಬಸ್ಸಿನಲ್ಲಿ ಹೋಗಿ ಮಣ್ಣಿನ ಹೆಂಟೆಯ ಸಮೇತ ಐದು ಸಸಿ ಎಬ್ಬಿಸಿದೆವು. ಡಾಲ್ಡಾ ಡಬ್ಬಗಳ ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಹೆಂಚಿನ ಚೂರು ಹಾಸಿ, ಕೆರೆಯ ಗೋಡುಮಣ್ಣು, ಕೆಮ್ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಸಸಿ ಕೂರಿಸಿದೆವು. ಅವು ಅಲ್ಲಾಡದೆ ಬೇರು ಹಿಡಿದವು ಅಂತ ಗೊತ್ತಾದ ಮೇಲೆ ಮರಕ್ಕೇರಿಸುವ ಕೆಲಸ.

ಏರಿಸುವುದು ಹೇಗೆ ಅಂತ ನಾವಿಬ್ಬರೂ ಯೋಚಿಸುತ್ತಾ ನಿಂತಿದ್ದರೆ, ಅಣ್ಣ ತೆಂಗಿನ ನಾರು ತಂದು ಜಗುಲಿಯ ಮೇಲೆ ಕೂತ. ತೊಡೆಯ ಮೇಲೆ ಹುರಿ ಹೊಸೆದು, ಹಾಲಿನ ಗಡಿಗೆ ತೂಗುಹಾಕುವ ನೆಲುವು ಇರುತ್ತದಲ್ಲ, ಅಂಥದ್ದನ್ನು ಡಬ್ಬಕ್ಕೊಂದರಂತೆ ಹೆಣೆದು, ಕೊಂಬೆಗಳಿಗೆ ತೂಗುಹಾಕಿದ. ಗಾಳಿ ಬಂದರೂ ಡಬ್ಬ ಅಲುಗದು. ಹಗ್ಗದ ಕೆಲಸದಲ್ಲಿ ಅವನದು ಪಳಗಿದ ಕೈ. ಗಿರಿಜಾಂಬಿಕಾ ಅವರು ತಮ್ಮಪ್ಪನ ಚಾಕು ತಂದಿದ್ದರು. ಏಣಿಯ ಮೇಲೆ ನಿಂತು ತೊಗಟೆ ಹೆರೆದು ಸೇರಿಸಿ, ಬಾಳೆಪಟ್ಟೆ ಸುತ್ತಿ, ಮೇಲೆ ಸಗಣಿ ಮಣ್ಣು ಮೆತ್ತಿದರು.

"ಬಾಳೆಪಟ್ಟೆ ಯಾಕ್ರವ್ವ, ನನ್ನ ಹುರಿ ಐತಲ್ಲ," ಅಂದ ಅಣ್ಣ ಕೆಳಗಿನಿಂದ.

"ನಿಮ್ಮ ಹುರಿ ಡಬ್ಬಕ್ಕಿರಲಿ ಕರಿಬಸವಯ್ಯನವರೇ, ಗಿಡಕ್ಕೆ ಬಾಳೆಪಟ್ಟೇನೇ ಆಗ್ಬೇಕು," ಅಂದರು ಅವರು. ಯಾಕೆ ಅಂತ ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಳೆ ಹನಿಯುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು.

ಆ ಮಳೆಗಾಲವೆಲ್ಲ ಅಣ್ಣನೇ ಚೊಂಬು ಹಿಡಿದು ಏಣಿ ಹತ್ತಿ ಡಬ್ಬಗಳಿಗೆ ನೀರು ಹಾಕಿದ. ನಮ್ಮತ್ತಿಗೆ ಶಾಂತಕುಮಾರಿ ಅದನ್ನು ಹೇಳಿಕೊಂಡು ನಗುತ್ತಿದ್ದಳು: "ಕಡಿಯೋ ಮರಕ್ಕೆ ಏಣಿ ಹಾಕ್ಕಂಡು ನೀರು ಹಾಕ್ತಾರೆ ಕಣೇ ನಿಮ್ಮಣ್ಣ. ಊರೋರೆಲ್ಲ ಬಂದು ನೋಡ್ಕಂಡು ಹೋಯ್ತಾವ್ರೆ."

ಐದರಲ್ಲಿ ಹಿಡಿದದ್ದು ಒಂದು. ಒಂದು ಡಬ್ಬವನ್ನು ಕೋತಿ ಎಳೆದು ಹಾಕಿತು, ಮಿಕ್ಕವು ಬೆಸೆಯದೆ ಒಣಗಿದವು. ದೀಪಾವಳಿಗೆ ಹೋಗಿ ಆ ಒಂದನ್ನು ಮರದಿಂದ ಬೇರೆ ಮಾಡಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿಪಟೂರಿಗೆ ತಂದೆ. ಊರಿನಲ್ಲಿ ಬಿಟ್ಟುಬರುವ ಧೈರ್ಯ ನನಗಿರಲಿಲ್ಲ. ತಾಯಿಯನ್ನೇ ಕಡಿಯುವವನು ಮಗುವನ್ನು ಉಳಿಸುತ್ತಾನೆಯೇ ಅಂತ. ಅದೇ ವಾರ ಮರ ಕಡಿಸಿದ. ನಾನು ನೋಡಲು ಹೋಗಲಿಲ್ಲ.

ನಮ್ಮ ಮನೆಯಂಗಳ ಪೂರ್ತಿ ಕಲ್ಲುಚಪ್ಪಡಿ. ಮಣ್ಣು ಬೇಕೆಂದರೆ ಡಬ್ಬದಲ್ಲಿಯೇ ಇರಬೇಕು. ಬಡಾವಣೆಯಲ್ಲಿ ಸೈಟು ತೆಗೆದುಕೊಳ್ಳುತ್ತೇವೆ ಅಂತ ಯಜಮಾನರು ಮೊದಲಿನಿಂದ ಹೇಳುತ್ತಿದ್ದರು, ಅಲ್ಲಿಯ ತನಕ ಗಿಡ ಡಬ್ಬದಲ್ಲಿರಲಿ ಅಂದುಕೊಂಡೆ. ಸೀಮೆಎಣ್ಣೆಯ ಚೌಕನೆ ಡಬ್ಬದ ಬಾಯಿ ಕತ್ತರಿಸಿ, ಸೋಪಿನ ನೀರಲ್ಲಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು ವಾಸನೆ ಹೋದ ಮೇಲೆ ಗಿಡವನ್ನು ಅದಕ್ಕೆ ಬದಲಾಯಿಸಿದೆ. ಪಕ್ಕದಲ್ಲಿ ಬಿದಿರಿನ ಸೀಳು ನೆಟ್ಟು, ಗಿರಿಜಾಂಬಿಕಾ ಅವರು ತೋರಿಸಿಕೊಟ್ಟ ಹಾಗೆ ಬಾಳೆಪಟ್ಟೆಯನ್ನು ಕೋಲಿಗೊಂದು ಸುತ್ತು, ಗಿಡಕ್ಕೊಂದು ಸುತ್ತು, ನಡುವೆ ಬೆರಳು ಆಡುವಷ್ಟು ಸಡಿಲ ಬಿಟ್ಟು ಕಟ್ಟಿದೆ. ಚಿಗುರು ಬಂತು. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಅದನ್ನು ನೋಡುವುದು ನನಗೆ ಅಭ್ಯಾಸವಾಯಿತು. ಯಜಮಾನರು, "ನಮ್ಮ ಮನೇಲಿ ದೇವರಿಗಿಂತ ಮುಂಚೆ ಡಬ್ಬಕ್ಕೆ ಪೂಜೆ," ಅನ್ನುತ್ತಿದ್ದರು. ಅನ್ನಲಿ. ಅದೊಂದು ಹೋದರೆ ಆ ಹಣ್ಣು ಭೂಮಿಯ ಮೇಲೆ ಮತ್ತೆಲ್ಲಿಯೂ ಇರಲಿಲ್ಲ.

ಸಂಕ್ರಾಂತಿ ಆದ ಮೇಲೆ ಅಣ್ಣ ಕೊಬ್ಬರಿ ತಂದ. ಊಟ ಮುಗಿಸಿ ಅಂಗಳಕ್ಕೆ ಹೋದವನು ಗಿಡವನ್ನು ಒಂದು ಬೆರಳಲ್ಲಿ ಅಲುಗಿಸಿ ನಕ್ಕ.

"ಇದೇನ್ ಕಟ್ಟೇ ಇದು? ಬೆಕ್ಕು ಸೀನಿದ್ರೆ ಬಿದ್ದೋಯ್ತದೆ."

ಚೀಲದಿಂದ ನಾರಿನ ಹುರಿ ತೆಗೆದು, ಬಾಳೆಪಟ್ಟೆ ಕಿತ್ತೆಸೆದು, ಗಿಡವನ್ನೂ ಕೋಲನ್ನೂ ಸೇರಿಸಿ ಒತ್ತೊತ್ತಾಗಿ ಸುತ್ತಿದ. ಪ್ರತಿ ಸುತ್ತಿಗೂ ಹಲ್ಲು ಕಚ್ಚಿ ಜಗ್ಗಿದ. ಮುಗಿದಾಗ ಬಿರುಗಾಳಿ ಬಂದರೂ ಗಿಡ ಅಲುಗುವಂತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಚೆನ್ನಾಗಿ ಕಟ್ಟಿದ ಅನ್ನಿಸಿತು. ನಾನೂ ತೆಂಗಿನ ಮನೆಯ ಮಗಳೇ ಅಲ್ಲವೇ. ಅದು ಸರಿಯಲ್ಲ ಅಂತ ಹೇಳಬೇಕಾದ ಗಿರಿಜಾಂಬಿಕಾ ಅವರು ಮಗಳ ಬಾಣಂತನಕ್ಕೆ ಅಂತ ಊರಲ್ಲಿ ಇರಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಗಿಡ ಹೊಸ ಚಿಗುರು ಬಿಡುವುದನ್ನು ನಿಲ್ಲಿಸಿತು. ಎಲೆ ಬಿಳಿಚಿಕೊಂಡಿತು. ನೀರು ಹೆಚ್ಚಾಯಿತೇನೋ ಅಂತ ಕಮ್ಮಿ ಮಾಡಿದೆ, ಕಮ್ಮಿಯಾಯಿತೇನೋ ಅಂತ ಹೆಚ್ಚು ಮಾಡಿದೆ, ಹೊಂಗೆ ಹಿಂಡಿ ನೆನೆಸಿ ಹಾಕಿದೆ, ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಡಬ್ಬ ಎಳೆದಾಡಿದೆ. ಏನು ಮಾಡಿದರೂ ಅಷ್ಟೇ. ಅಷ್ಟರಲ್ಲಿ ಗಿರಿಜಾಂಬಿಕಾ ಅವರು ಬಾಣಂತನ ಮುಗಿಸಿ ಬಂದರು. ಬಂದವರು ಮೊಮ್ಮಗುವಿನ ಸುದ್ದಿಯನ್ನೂ ಹೇಳಲಿಲ್ಲ, ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು, "ಚಾಕು ತಗಂಬನ್ರೀ ಬೇಗ," ಅಂದರು.

ಹುರಿ ಕಾಣುತ್ತಲೇ ಇರಲಿಲ್ಲ. ತೊಗಟೆಯೊಳಕ್ಕೆ ಇಳಿದುಬಿಟ್ಟಿತ್ತು. ಕಸಿಯ ಗಂಟಿಗಿಂತ ಒಂದು ಗೇಣು ಮೇಲೆ ಕಾಂಡ ಉಬ್ಬಿ ದಪ್ಪ ತುಟಿಯ ಹಾಗಾಗಿತ್ತು. ಅವರು ಒಂದೊಂದೇ ಎಳೆಯನ್ನು ಕೊಯ್ದು ಬಿಡಿಸಿದಾಗ, ಗಿಡದ ಸುತ್ತ ಒಂದು ಉಂಗುರ ಉಳಿಯಿತು. ಆ ಉಂಗುರದಲ್ಲಿ ತೊಗಟೆಯೇ ಇಲ್ಲ.

"ಎಲೇಲಿ ಬೇಯಿಸಿದ ಅಡುಗೆ ತೊಗಟೇಲಿ ಬೇರಿಗಿಳಿಬೇಕು ಕಣ್ರೀ. ಇಲ್ಲಿ ದಾರೀನೇ ಕಟ್ಟೋಗೈತೆ. ಬೇರು ಉಪವಾಸ ಬಿದ್ದೈತೆ. ಯಾರ್ರೀ ಕಟ್ಟಿದ್ದು ಇದನ್ನ?" ಅಂದರು.

ನಾನು ಆ ಹುರಿಯ ತುಂಡುಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಮುಂದಿನ ಬಸ್ಸು ಹತ್ತಿದೆ. ಯಜಮಾನರಿಗೆ ಹೇಳಿಯೂ ಹೋಗಲಿಲ್ಲ.

ಅಣ್ಣ ಕಣದಲ್ಲಿ ಕಾಯಿ ಸುಲಿಸುತ್ತಿದ್ದ. ಹುರಿಯನ್ನು ಅವನ ಕಾಲಬುಡಕ್ಕೆ ಹಾಕಿದೆ.

"ಇದೇನೇ?" ಅಂದ.

"ನೀನು ಕಟ್ಟಿದ್ದು. ಗಿಡದ ಕುತ್ತಿಗೆ ಹಿಸುಕಿದೀಯ. ಸಾಯ್ತಾ ಐತೆ."

ಅವನಿಗೆ ಅರ್ಥವೇ ಆಗಲಿಲ್ಲ. "ಹಗ್ಗ ಕಟ್ಟಿದ್ರೆ ಮರ ಸಾಯ್ತದಾ? ಯಾರ್ ಹೇಳಿದ್ರು ನಿಂಗೆ? ಬಾ ಇಲ್ಲಿ," ಅಂತ ನನ್ನ ರಟ್ಟೆ ಹಿಡಿದು ಮನೆಯ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯನ್ನು ಒಂದು ತೆಂಗಿನ ಮರಕ್ಕೆ ಸುತ್ತಿತ್ತು. ಅವನ ಮದುವೆಯಲ್ಲಿ ಕಟ್ಟಿದ ತಂತಿ. ತುಕ್ಕು ಹಿಡಿದು ಕರ್ರಗಾಗಿತ್ತು, ಆದರೆ ಕಟ್ಟಿದ ದಿನ ಹೇಗಿತ್ತೋ ಹಾಗೆಯೇ ಮರವನ್ನು ಬಳಸಿಕೊಂಡಿತ್ತು. ಬಿಗಿಯೂ ಆಗಿರಲಿಲ್ಲ, ಸಡಿಲವೂ ಆಗಿರಲಿಲ್ಲ. ಮರ ಮೇಲೆ ಗೊನೆ ಹೊತ್ತು ನಿಂತಿತ್ತು.

"ನೋಡು. ಏನಾಗೈತೆ ಇದಕ್ಕೆ?" ಅಂದ.

"ತೆಂಗು ದಪ್ಪ ಆಗಲ್ಲ ಕಣಣ್ಣ. ಉದ್ದಕ್ಕೆ ಹೋಯ್ತದೆ ಅಷ್ಟೇ. ಬೇರೆ ಮರ ಎಲ್ಲಾ ದಪ್ಪ ಆಯ್ತವೆ. ಹುರಿ ಹಂಗೇ ಇದ್ರೆ ಕಾಂಡ ಎಲ್ಲಿಗೆ ಹೋಗ್ಬೇಕು?"

ಅವನು ತಂತಿಯನ್ನು ನೋಡಿದ. ಮರವನ್ನು ಕೈಯಲ್ಲಿ ಸವರಿದ. ಹುಟ್ಟಿದಾಗಿನಿಂದ ತೆಂಗಿನ ನಡುವೆ ಬೆಳೆದವನಿಗೆ, ಮರ ದಪ್ಪವಾಗುತ್ತದೆ ಅನ್ನುವುದು ಯೋಚಿಸಬೇಕಾದ ವಿಷಯ ಅಂತ ಅವತ್ತೇ ಗೊತ್ತಾದದ್ದು. ನಿಧಾನವಾಗಿ ಮರದ ಬುಡದಲ್ಲಿ ಕೂತುಬಿಟ್ಟ.

"ಬೀಳಬಾರ್ದು ಅಂತ ಕಟ್ಟಿದ್ನಲ್ಲೇ," ಅಂದ.

ನನಗೆ ಆಗ ಕರುಣೆ ಬರಲಿಲ್ಲ. "ಅವ್ವನ ಮರ ಒಂದೇ ಸಲ ಕಡಿದಿದ್ರೆ ಸಾಲ್ದಾಗಿತ್ತಾ? ಎರಡನೇ ಸಲ ತಿಪಟೂರಿಗೆ ಬಂದು ಕಡಿದೆ," ಅಂದೆ. ಅತ್ತಿಗೆ ಊಟ ಮಾಡಿಕೊಂಡು ಹೋಗು ಅಂದಳು. ಮಾಡಲಿಲ್ಲ. ಹಲಸು ಇದ್ದ ಮೂಲೆಯ ಕಡೆ ಕಣ್ಣು ಹಾಯಿಸಲೂ ಇಲ್ಲ. ಬಂದ ಬಸ್ಸಿನಲ್ಲೇ ವಾಪಸ್ಸು ಬಂದೆ.

ಮಾರನೇ ದಿನ ಮಂಡಿಯ ದಿನವಲ್ಲ. ಆದರೂ ಅಣ್ಣ ಬಂದ. ನಮ್ಮ ಬಾಗಿಲಿಗೆ ಬರಲಿಲ್ಲ, ನೇರ ಪಕ್ಕದ ಮನೆಗೆ ಹೋದ. ಗೋಡೆಯಾಚೆಯಿಂದ ಅವನ ದನಿ ಕೇಳಿಸಿತು. ಈ ಸಲ ನಾನೇ ಗೋಡೆಗೆ ಕಿವಿ ಕೊಟ್ಟೆ.

"ಏನಾದ್ರೂ ದಾರಿ ಐತಾ ತಾಯಿ?"

"ಐತೆ. ತೊಗಟೆ ಉಂಗುರ ಬಿಡಿಸೋದು ಅರ್ಧ ಕೆಲಸ, ಅದನ್ನ ನೀವೇ ಮಾಡಿಟ್ಟಿದೀರಲ್ಲ," ಅಂದರು ಗಿರಿಜಾಂಬಿಕಾ. ಅಂಥ ಹೊತ್ತಲ್ಲೂ ಕಾಲೆಳೆಯದೆ ಬಿಡುವವರಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದರು. ಉಂಗುರದ ಸುತ್ತ ಒದ್ದೆ ಮಣ್ಣು ಮೆತ್ತಿ, ಮಳೆಗಾಲ ಕಳೆಯುವ ತನಕ ಒಣಗದಂತೆ ಇಟ್ಟರೆ, ಮೇಲಿನ ತುಟಿಯಿಂದ ಬೇರು ಇಳಿಯಬಹುದು. ಅವರಪ್ಪ ಅದಕ್ಕೆ ಗೂಟಿ ಅನ್ನುತ್ತಿದ್ದರಂತೆ. ಬೇರು ಬಂದರೆ ಕೆಳಗಿನದನ್ನು ಕತ್ತರಿಸಿ ಬಿಸಾಡಿ, ಮೇಲಿನದನ್ನು ಹೊಸ ಗಿಡ ಅಂತ ನೆಡಬಹುದು. "ದಾಳಿಂಬೆ, ಸೀಬೆ ಆಗಿದ್ರೆ ಬಂದೇ ಬತ್ತದೆ ಅಂತಿದ್ದೆ. ಹಲಸು. ಬರದೇನೂ ಇರಬೋದು," ಅಂದರು.

ಅಣ್ಣ ಅದೇ ಕಾಲಲ್ಲಿ ನಮ್ಮ ಅಂಗಳಕ್ಕೆ ಬಂದ. ನನ್ನ ಮುಖ ನೋಡಲಿಲ್ಲ. ಚೀಲದಲ್ಲಿ ನಾರಿನ ಪುಡಿ, ಒಂದು ಗರಗಸದ ಅಲಗು, ಒಂದು ಅರ, ಸಿಪ್ಪೆ ಸುಲಿದ ಕಾಯಿ. ಅವನಿಗೆ ಪಾತ್ರೆ ಅಂದರೂ ತೆಂಗೇ. ಕಾಯಿಯನ್ನು ಅಡ್ಡಕ್ಕೆ ಒಡೆಯದೆ ಉದ್ದಕ್ಕೆ ಗರಗಸದಲ್ಲಿ ಕುಯ್ದು, ಒಳಗಿನ ಕಾಯಿ ಬಿಡಿಸಿ ನನ್ನ ಕಡೆ ಸರಿಸಿ, ಎರಡು ಹೋಳು ಚಿಪ್ಪು ಇಟ್ಟುಕೊಂಡ. ಮೇಲೆ ಕೆಳಗೆ ಕಾಂಡ ಕೂರುವಷ್ಟು ಕಚ್ಚು ಹಾಕಿ, ಅಂಚು ತಾಗದ ಹಾಗೆ ಅರದಲ್ಲಿ ನಯ ಮಾಡಿದ. ನೀರು ನಿಲ್ಲಬಾರದು ಅಂತ ಚಿಪ್ಪಿನ ಮೂರು ಕಣ್ಣಿನಲ್ಲಿ ಮೆದುವಾದ ಕಣ್ಣನ್ನು ಕೆಳಗೆ ಬರುವಂತೆ ಇಟ್ಟು ಚುಚ್ಚಿದ. ನಾರಿನ ಪುಡಿಯನ್ನೂ ಕೆಮ್ಮಣ್ಣನ್ನೂ ಕಲಸಿ ತುಂಬಿ, ಎರಡೂ ಹೋಳನ್ನು ಗಾಯದ ಸುತ್ತ ಮುಚ್ಚಿದ. ಗಿಡದ ನಡುವಿನಲ್ಲಿ ಒಂದು ತೆಂಗಿನಕಾಯಿ ಬಿಟ್ಟ ಹಾಗೆ ಕಾಣಿಸಿತು.

ಇನ್ನು ಕಟ್ಟಬೇಕು. ಅವನ ಕೈ ಅಭ್ಯಾಸಬಲದಿಂದ ಚೀಲಕ್ಕೆ ಹೋಗಿ ಹುರಿ ತೆಗೆಯಿತು. ಕೈ ಅಲ್ಲಿಯೇ ನಿಂತಿತು. ಹುರಿಯನ್ನು ಮತ್ತೆ ಚೀಲಕ್ಕೆ ಹಾಕಿ, "ಬಾಳೆಪಟ್ಟೆ ಐತಾ?" ಅಂದ.

"ಚಿಪ್ಪಿನ ಮೇಲೆ ಹುರಿ ಕಟ್ಟಿದ್ರೆ ಏನೂ ಆಗಲ್ಲ ಬುಡಣ್ಣ," ಅಂದೆ. ಅವತ್ತು ಅವನ ಜೊತೆ ಆಡಿದ ಮೊದಲ ಮಾತು.

"ಬ್ಯಾಡ. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ."

ಬಾಳೆಪಟ್ಟೆ ತಂದುಕೊಟ್ಟೆ. ತಲೆ ಬಗ್ಗಿಸಿ ಸಡಿಲವಾಗಿ ಕಟ್ಟಿದ. ಅವನ ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದ್ದು ಆಗ ನೋಡಿದೆ. ನನ್ನ ಕೋಪ ಅಲ್ಲಿಗೆ ಅರ್ಧ ಇಳಿಯಿತು. ಪೂರ್ತಿ ಇಳಿಯಿತು ಅಂದರೆ ಸುಳ್ಳಾಗುತ್ತದೆ.

ಆ ಮಳೆಗಾಲದಲ್ಲಿ ಅಣ್ಣ ತಿಪಟೂರಿಗೆ ಬಂದಷ್ಟು ಸಲ ಜನ್ಮದಲ್ಲಿ ಬಂದಿರಲಿಲ್ಲ. ಯಜಮಾನರು, "ಕೊಬ್ಬರಿ ತರದೆ ಮಂಡಿಗೆ ಬರೋ ರೈತ ನಮ್ಮ ಭಾವಮೈದ ಒಬ್ಬರೇ," ಅಂತ ನಗುತ್ತಿದ್ದರು. ಬಂದು ಚಿಪ್ಪಿನ ಮೇಲಿನ ಸಂದಿಯಲ್ಲಿ ಚಮಚದಲ್ಲಿ ನೀರು ಬಿಡುತ್ತಿದ್ದ, ಬಾಳೆಪಟ್ಟೆ ಕೊಳೆತು ಕಿತ್ತರೆ ಹೊಸದು ಕಟ್ಟುತ್ತಿದ್ದ, ಎಲೆಗಳನ್ನು ತಿರುವಿ ನೋಡುತ್ತಿದ್ದ. ಎಲೆ ಉದುರುತ್ತಲೇ ಇದ್ದವು. ಉದುರಿದ್ದನ್ನು ನಾನು ಗುಡಿಸಿ ಅವನು ಬರುವ ಮುಂಚೆ ಬಿಸಾಡುತ್ತಿದ್ದೆ. ಅವನಿಗೆ ಗೊತ್ತಿತ್ತು, ಕೇಳುತ್ತಿರಲಿಲ್ಲ. ತುದಿಯಲ್ಲಿ ಒಂದು ಹಿಡಿ ಎಲೆ ಮಾತ್ರ ಉಳಿಯಿತು. ಒಳಗೆ ಏನಾಗುತ್ತಿದೆ ಅಂತ ಬಿಚ್ಚಿ ನೋಡುವ ಹಾಗಿಲ್ಲ, ಬಿಚ್ಚಿದರೆ ಕೆಡುತ್ತದೆ ಅಂತ ಗಿರಿಜಾಂಬಿಕಾ ಅವರ ಕಟ್ಟಪ್ಪಣೆ.

ಗೌರಿಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದೆ. ಅಂಗಳದಿಂದ ಅಣ್ಣ ಮೆಲ್ಲಗೆ ಕರೆದ. ಜೋರಾಗಿ ಕರೆದರೆ ಏನೋ ಓಡಿಹೋಗುತ್ತದೆ ಅನ್ನುವ ಹಾಗೆ.

"ಮೀನಾಕ್ಷಿ, ಬಾರವ್ವ ಇಲ್ಲಿ. ಕಣ್ಣು ನೋಡು."

ಚಿಪ್ಪಿನ ಆ ಮೆದು ಕಣ್ಣಿನ ತೂತಿನಿಂದ ಬೆಳ್ಳಗೆ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದಕ್ಕೆ, ಒಂದು ಬೇರಿನ ತುದಿ ಹೊರಗೆ ಬಂದಿತ್ತು. ತೆಂಗಿನಕಾಯಿ ಮೊಳೆಯುವುದೂ ಆ ಕಣ್ಣಿನಿಂದಲೇ. ಅಣ್ಣ ಅದೆಷ್ಟು ಸಾವಿರ ಮೊಳಕೆ ನೋಡಿದ್ದನೋ, ಅವತ್ತು ಕಲ್ಲುಚಪ್ಪಡಿಯ ಮೇಲೆ ಮಂಡಿಯೂರಿ ಕೂತು ಮೊದಲ ಸಲ ನೋಡಿದವನಂತೆ ನೋಡಿದ. ನಾನೂ ಪಕ್ಕದಲ್ಲಿ ಕೂತೆ. ಗೋಡೆಯಾಚೆಯಿಂದ, "ಬಂತಾ?" ಅಂತ ಕೇಳಿಸಿತು. "ಬಂತು," ಅಂದೆವು ಇಬ್ಬರೂ.

ಉಂಗುರದ ಕೆಳಗೆ ಕತ್ತರಿಸಿ, ಚಿಪ್ಪು ಬಿಡಿಸಿ, ಬೇರಿನ ಗೊಂಚಲನ್ನು ಮಣ್ಣಿನ ಸಮೇತ ಹೊಸ ಡಬ್ಬಕ್ಕಿಟ್ಟೆವು. ಕೋಲಿಗೆ ಕಟ್ಟಿದ್ದು ನಾನು. ಅಣ್ಣ ದೂರ ನಿಂತಿದ್ದ, ಮುಟ್ಟಲಿಲ್ಲ.

ಗಿಡ ಚೇತರಿಸಿಕೊಂಡಿತು. ಸೈಟು ಮಾತ್ರ ಆಗಲಿಲ್ಲ. ಮರುವರ್ಷ ಬೇಸಿಗೆಯ ಹೊತ್ತಿಗೆ ಬೇರು ಡಬ್ಬದ ತೂತಿನಿಂದ ಹೊರಬಂದು ಚಪ್ಪಡಿಯ ಸಂದಿಯನ್ನು ಹುಡುಕುತ್ತಿತ್ತು. ಹಲಸು ಡಬ್ಬದಲ್ಲಿ ಬಾಳುವ ಮರವಲ್ಲ, ನನಗೆ ಗೊತ್ತು. ಆದರೂ ಯಾರಿಗೂ ಕೊಡಲು ಮನಸ್ಸಿರಲಿಲ್ಲ. ಅದೇ ಸಂಕಟದಲ್ಲಿ ಅವ್ವನ ಪುಣ್ಯತಿಥಿಗೆ ಅಂತ ಊರಿಗೆ ಹೋದೆ. ಅವ್ವನ ಸಮಾಧಿಯ ಗದ್ದುಗೆಗೆ ಹೂವು ಏರಿಸಿ ಬರುವಾಗ, ಮರ ಕಡಿದ ಮೇಲೆ ಮೊದಲ ಸಲ ಆ ಮೂಲೆಗೆ ಹೋಗಿ ನೋಡಿದೆ.

ಜಾಗ ಖಾಲಿ ಇತ್ತು. ಆಚೀಚೆಯ ಎರಡು ಸಾಲು ತೆಂಗು ಬಿಸಿಲು ಕಂಡು ಮೈತುಂಬಿಕೊಂಡಿದ್ದವು. ಅವುಗಳ ನಡುವೆ ಒಂದು ದೊಡ್ಡ ಗುಂಡಿ. ಹಳೇ ಬುಡ ಕೀಳಿಸಿ, ಕೆರೆಗೋಡು ಗೊಬ್ಬರ ತುಂಬಿ, ದನ ತುಳಿಯದಂತೆ ಸುತ್ತ ಮುಳ್ಳು ಹಾಕಿತ್ತು. ಗೊಬ್ಬರ ಹಳೆಯದಾಗಿ ಮಣ್ಣಾಗಿತ್ತು. ತೆಂಗಿಗೆ ಜಾಗ ಸಾಲದು ಅಂತ ಬದುವಿನ ಮೇಲೂ ಸಸಿ ಇಡುವ ಮನುಷ್ಯ ಇವನು.

"ಇಲ್ಲಿ ಯಾಕೆ ಏನೂ ಇಟ್ಟಿಲ್ಲ?" ಅಂತ ಕೇಳಿದೆ.

ಅಣ್ಣ ಬೇರೆ ಕಡೆ ನೋಡುತ್ತಾ, "ನೀನು ಕೊಟ್ರೆ ಇಡಾನ ಅಂತ," ಅಂದ.

"ಕಡಿಸಿದ ವರ್ಷವೇ ಗುಂಡಿ ತೆಗೆಸಿದ್ರು ಕಣೇ. ಕೇಳೋಕೆ ಬಾಯಿ ಬರಲಿಲ್ಲ ನಿಮ್ಮಣ್ಣಂಗೆ," ಅಂದಳು ಅತ್ತಿಗೆ.

"ಮತ್ತೆ ನೆರಳಾಯ್ತದಲ್ಲ, ತೆಂಗಿಗೆ?" ಅಂದೆ.

"ಆಗ್ಲಿ ಬುಡು," ಅಂದ.

ಮುಂಗಾರಿಗೆ ಡಬ್ಬವನ್ನು ಊರಿಗೆ ಒಯ್ದೆ. ತಗಡು ಕತ್ತರಿಸಿ, ಮಣ್ಣು ಚದುರದಂತೆ ಇಳಿಸಿ ನೆಟ್ಟೆವು. ಬಿದಿರಿನ ಕೋಲು ನಿಲ್ಲಿಸಿ ಬಾಳೆಪಟ್ಟೆ ಅವನ ಕೈಗೆ ಕೊಟ್ಟೆ. ಹಿಂದೆ ಸರಿದ. "ಕಟ್ಟು," ಅಂದೆ. ಕಟ್ಟಿದ, ಬೆರಳು ತೂರಿಸಿ ಸಡಿಲವಿದೆಯಾ ಅಂತ ನೋಡಿದ, ನನಗೂ ತೂರಿಸಿ ನೋಡು ಅಂದ.

ಆಮೇಲೆ ವರ್ಷಗಳು ಕಳೆದವು. ನಮಗೆ ಸೈಟು ಆಯಿತು, ಮನೆಯೂ ಆಯಿತು. ಹಲಸಿನ ಸುದ್ದಿಯನ್ನು ಅಣ್ಣ ತಾನಾಗಿ ಎತ್ತುತ್ತಿರಲಿಲ್ಲ, ಕೇಳಿದರೆ, "ಐತೆ," ಅನ್ನುತ್ತಿದ್ದ. ಎಂಬತ್ತೈದರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಂಡಿಯ ಆಳು ಬಂದು, "ಅಮ್ಮಾರೆ, ತುರುವೇಕೆರೆ ಬಸ್ಸಲ್ಲಿ ನಿಮಗೆ ಏನೋ ಬಂದೈತಂತೆ. ಕಂಡಕ್ಟರು ಕೂಗಾಡ್ತಾವ್ನೆ," ಅಂದ.

ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸಿನ ಪಕ್ಕದಲ್ಲಿ ನೆಲದ ಮೇಲೆ ಒಂದು ಹಲಸಿನ ಹಣ್ಣು ಬಿದ್ದಿತ್ತು. ಅದಕ್ಕೆ ಸುತ್ತಿದ್ದ ಗೋಣಿ ಬಿಚ್ಚಿಕೊಂಡು ಒಂದು ಕಡೆ ನೇತಾಡುತ್ತಿತ್ತು.

"ನಿಮ್ದೇನಮ್ಮ ಇದು?" ಅಂದ ಕಂಡಕ್ಟರು. "ದಾರಿ ಉದ್ದಕ್ಕೂ ಟಾಪ್ ಮೇಲೆ ಉರುಳಾಡ್ಕಂಡು ಬಂತು. ಎರಡು ಸಲ ಬಸ್ಸು ನಿಲ್ಲಿಸಿ ಎತ್ತಿಟ್ಟಿವ್ನಿ. ಹಲಸಿನ ಹಣ್ಣನ್ನ ಯಾರಾದ್ರೂ ಬಾಳೆಪಟ್ಟೇಲಿ ಕಟ್ತಾರೇನಮ್ಮ? ತೆಂಗಿನ ತೋಟದೋರು, ಒಂದು ಮಾರು ಹಗ್ಗ ಸಿಗಲಿಲ್ವಾ ಅವರಿಗೆ?"

ಗೋಣಿಯ ಸುತ್ತ ಹರಿದ ಬಾಳೆಪಟ್ಟೆಯ ತುಂಡುಗಳು ಇನ್ನೂ ಅಂಟಿಕೊಂಡಿದ್ದವು. ಎಲ್ಲಾ ಸಡಿಲವಾಗಿ, ಬೆರಳು ತೂರಿಸಿ ನೋಡಿ ಹಾಕಿದ ಗಂಟುಗಳು.

"ನಮ್ಮಣ್ಣ ಕಟ್ಟಿದ್ದು," ಅಂದೆ. ಕಂಡಕ್ಟರು ನನ್ನ ಮುಖ ನೋಡಿ, ಹಣ್ಣನ್ನು ಎತ್ತಿ ನನ್ನ ತೋಳಿಗೆ ಕೊಟ್ಟ. ಉರುಳಿ ಉರುಳಿ ಅದು ಒಂದು ಕಡೆ ಸೀಳಿತ್ತು. ಸೀಳಿನೊಳಗೆ ತೊಳೆ ಕಾಣುತ್ತಿತ್ತು. ಕೆಂಪಗಿತ್ತು.